ಪೆಟ್ಟಿಗೆಯಿಂದ ತೆಗೆದಿಟ್ಟ ಅಕ್ಕಿ

ಕಳೆದ ತಿಂಗಳು ಮಕ್ಕಳ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಪರಿಚಿತರಾದ ತರುಣ ರಕ್ಷಕರೊಬ್ಬರು ನನ್ನನ್ನು ಬದಿಗೆ ಕರೆದರು. ಡಿಸೆಂಬರಿನ ಹತ್ತು ದಿನಗಳ ರಜೆಯಲ್ಲಿ ಕುಟುಂಬಸಮೇತ ವಿದೇಶಕ್ಕೆ ಹೋಗಿ ಬರುವ ಯೋಚನೆ ಅವರದು. ಪ್ರವಾಸದ ಕಂಪೆನಿ ಕೊಟ್ಟ ಕರಾರುಪತ್ರವನ್ನು ನನ್ನ ಕೈಗಿತ್ತು, "ವಕೀಲರೇ, ನಾವು ಸಿಕ್ಕಿಬೀಳುವಂಥದ್ದು ಇದರಲ್ಲಿ ಎಂತಾದರೂ ಉಂಟಾ ನೋಡಿ" ಎಂದರು. ಮಾತಿನ ನಡುವೆ, ಹೊರಡುವ ಹೊತ್ತಿಗೆ ಅವರ ಪತ್ನಿಗೆ ಐದನೆಯ ತಿಂಗಳಾಗಿರುತ್ತದೆ ಎಂಬುದೂ ತಿಳಿಯಿತು. ನಾನು ಕಾಗದವನ್ನು ಮಡಚಿ, "ಇದನ್ನು ಆಮೇಲೆ ನೋಡುವ. ಅವರಿಗೆ ಅಲ್ಲಿ ಊಟಕ್ಕೆ ಎಂತ ಮಾಡುತ್ತೀರಿ?" ಎಂದು ಕೇಳಿದೆ. ಅವರು ನಕ್ಕು, "ಊಟ, ತಿಂಡಿ ಎಲ್ಲ ಪ್ಯಾಕೇಜಿನಲ್ಲೇ ಉಂಟಲ್ಲ" ಎಂದರು.

ಅದೇ ಉತ್ತರವನ್ನು ನಾನೂ ಒಮ್ಮೆ ನನ್ನ ಅಮ್ಮನಿಗೆ ಕೊಟ್ಟಿದ್ದೆ. ಆ ಉತ್ತರದ ಫಲವೇನಾಯಿತೆಂಬುದನ್ನು ಆ ದಿನ ಶಾಲೆಯ ಜಗಲಿಯಲ್ಲಿ ನಿಂತು ಪೂರ್ತಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಅದು 2018ನೆಯ ಇಸವಿ. ಥಾಯ್ಲೆಂಡಿಗೆ ಐದು ರಾತ್ರಿಗಳ ಪ್ರವಾಸ. ಎರಡು ರಾತ್ರಿ ಪಟ್ಟಾಯ, ಮೂರು ರಾತ್ರಿ ಬ್ಯಾಂಕಾಕ್. ನಾವು ನಾಲ್ವರು: ನಾನು, ನನ್ನ ಪತ್ನಿ, ಆಗ ಮೂರನೆಯ ತರಗತಿಯಲ್ಲಿದ್ದ ಮಗಳು ಮತ್ತು ಅಮ್ಮ. ಜುಲೈಯಲ್ಲೇ ಹಣ ಕಟ್ಟಿಯಾಗಿತ್ತು. ಪತ್ನಿ ಬಸುರಿಯೆಂದು ತಿಳಿದದ್ದು ಸೆಪ್ಟೆಂಬರಿನಲ್ಲಿ. ಅದಕ್ಕೆ ಎರಡು ವರ್ಷಗಳ ಹಿಂದೆ ಒಂದು ಗರ್ಭ ಮೂರನೆಯ ತಿಂಗಳಿನಲ್ಲಿ ನಿಲ್ಲದೆ ಹೋಗಿತ್ತಾದುದರಿಂದ, ಪ್ರವಾಸವನ್ನು ಬಿಟ್ಟುಬಿಡುವುದೇ ಲೇಸೆಂದು ಅಮ್ಮನೂ ಅತ್ತೆಯವರೂ ಹೇಳಿದರು. ಆದರೆ ಕಟ್ಟಿದ ಹಣದ ಬಹುಪಾಲು ಹಿಂದಿರುಗುವಂತಿರಲಿಲ್ಲ. ವೈದ್ಯರನ್ನು ಕೇಳಿದಾಗ, ಎಲ್ಲವೂ ಸರಿಯಾಗಿದ್ದರೆ ನಡುವಿನ ಮೂರು ತಿಂಗಳುಗಳೇ ಪ್ರಯಾಣಕ್ಕೆ ಇದ್ದುದರಲ್ಲಿ ಅನುಕೂಲವಾದ ಕಾಲವೆಂದೂ, ಅನೇಕ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುವುದು 28 ವಾರ ದಾಟಿದ ಮೇಲೆಯೇ ಎಂದೂ ತಿಳಿಸಿದರು. ಪತ್ನಿಗೂ ಹೋಗುವ ಆಸೆಯಿತ್ತು. ಹೊರಡುವ ದಿನಕ್ಕೆ ಸರಿಯಾಗಿ 20 ವಾರ ತುಂಬಿತ್ತು.

ವೈದ್ಯರು ಊಟದ ವಿಷಯದಲ್ಲಿ ಮಾತ್ರ ಬೆರಳು ಮಡಚಿ ಹೇಳಿದ್ದರು: ಪೂರ್ತಿ ಬೆಂದದ್ದನ್ನು ಬಿಸಿಯಿರುವಾಗಲೇ ತಿನ್ನಬೇಕು, ಹಸಿ ಮೊಳಕೆಕಾಳು, ಅರೆಬೆಂದ ಪದಾರ್ಥ, ಮೊದಲೇ ಹೆಚ್ಚಿಟ್ಟ ಹಣ್ಣು ಕೂಡದು, ಮುಚ್ಚಳ ಒಡೆಯದ ಬಾಟಲಿಯ ನೀರೇ ಆಗಬೇಕು, ಮಂಜುಗಡ್ಡೆ ಬೇಡ. ಲಿಸ್ಟೀರಿಯಾ ಎಂಬ ಸೂಕ್ಷ್ಮಾಣು ಫ್ರಿಜ್ಜಿನ ತಂಪಿನಲ್ಲಿಯೂ ಬೆಳೆಯಬಲ್ಲುದೆಂದೂ, ಉಳಿದವರಲ್ಲಿ ಸಣ್ಣ ಜ್ವರದಲ್ಲಿ ಮುಗಿಯಬಹುದಾದ ಆ ಸೋಂಕು ಬಸುರಿಯರಲ್ಲಿ ಗರ್ಭಕ್ಕೇ ಅಪಾಯ ತರಬಹುದೆಂದೂ ಅವರು ವಿವರಿಸಿದರು. ನಾನು ತಲೆಯಾಡಿಸಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ. ಪಟ್ಟಿಯಲ್ಲಿದ್ದುದೆಲ್ಲ ಬೇಡಗಳು, ಹಾಗಾದರೆ ತಿನ್ನುವುದೇನು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಅಮ್ಮನಿಗೆ. ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯ ತೂಕ ನೋಡಲೆಂದು ತೆರೆದಾಗ, ಬಟ್ಟೆಗಳ ಅಡಿಯಲ್ಲಿ ಎರಡು ಸೇರು ಕುಚ್ಚಲಕ್ಕಿ, ಒಂದು ಕಟ್ಟು ಹಪ್ಪಳ, ಮಿಡಿ ಉಪ್ಪಿನಕಾಯಿಯ ಭರಣಿ, ಜತೆಗೆ ಕರೆಂಟಿನಲ್ಲಿ ಬೇಯಿಸುವ ಪುಟ್ಟ ಪಾತ್ರೆ ಇದ್ದವು. "ಅವಳಿಗೆ ಬಾಯಿಗೆ ಸೇರುವುದು ಗಂಜಿ ಒಂದೇ. ಅಲ್ಲಿ ಸಿಗದಿದ್ದರೆ?" ಎಂದರು ಅಮ್ಮ. ನಾನು ನಗುತ್ತಲೇ ಎಲ್ಲವನ್ನೂ ಹೊರಗಿಟ್ಟೆ. ಹೋಟೆಲಿನ ಕೋಣೆಯಲ್ಲಿ ಅಡುಗೆ ಮಾಡಬಾರದೆಂಬ ನಿಯಮವನ್ನು ಉದ್ಧರಿಸಿದೆ. ಕರಾರುಪತ್ರದಲ್ಲಿ ಬೆಳಗಿನ ತಿಂಡಿಯೂ ರಾತ್ರಿಯ ಭಾರತೀಯ ಊಟವೂ ಸ್ಪಷ್ಟವಾಗಿ ನಮೂದಾಗಿದೆಯೆಂದು ತೋರಿಸಿದೆ. ಕೊನೆಗೆ, "ವಿದೇಶಕ್ಕೆ ಹೋಗಿಯೂ ಗಂಜಿ ಬೇಯಿಸುತ್ತ ಕುಳಿತರೆ ಜನ ಎಂತ ಹೇಳಿಯಾರು?" ಎಂದೆ. ಯಾವ ಜನ ಎಂದು ಅಮ್ಮ ಕೇಳಲಿಲ್ಲ. ಅಕ್ಕಿಯನ್ನು ಎತ್ತಿಕೊಂಡು ಒಳಗೆ ಹೋದರು.

ಕೊಚ್ಚಿಯಿಂದ ಬ್ಯಾಂಕಾಕಿಗೆ ನಾಲ್ಕು ಗಂಟೆಗಳ ಹಾರಾಟ. ಪಟ್ಟಾಯದ ಹೋಟೆಲಿನಲ್ಲಿ ಮೊದಲ ಬೆಳಗಿನ ತಿಂಡಿಗೆ ಇಳಿದಾಗ ಉದ್ದನೆಯ ಮೇಜಿನ ಮೇಲೆ ಏನಿರಲಿಲ್ಲ ಹೇಳಿ! ಮಗಳು ಕಣ್ಣರಳಿಸಿದಳು. ಆದರೆ ನಾವು ಸಸ್ಯಾಹಾರಿಗಳು. ಹುರಿದ ಅನ್ನದಲ್ಲಿ ಮೀನಿನ ರಸ. ಅವರು ಅದನ್ನು ನಾಮ್ ಪ್ಲಾ ಎನ್ನುತ್ತಾರೆ, ನಮ್ಮಲ್ಲಿ ಉಪ್ಪು ಹೇಗೋ ಅಲ್ಲಿ ಅದು ಹಾಗೆ. ನೂಡಲ್ಸಿನಲ್ಲಿಯೂ ಅದೇ. ಸಲಾಡೆಂದು ಇಟ್ಟದ್ದು ಹಸಿ ಪಪ್ಪಾಯಿಯ ತುರಿ. ನಮ್ಮ ಕಡೆ ಬಸುರಿಯರು ಅದರ ಹೆಸರು ಕೇಳಿದರೂ ಎದ್ದುಹೋಗುತ್ತಾರೆ. ಹೆಚ್ಚಿಟ್ಟ ಕಲ್ಲಂಗಡಿ, ಅನಾನಸು ಎಷ್ಟು ಹೊತ್ತಿನಿಂದ ಹಾಗೆ ಇತ್ತೋ ತಿಳಿಯದು. ವೈದ್ಯರ ಚೀಟಿಯನ್ನು ಹಿಡಿದು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ ನನ್ನ ಪತ್ನಿಯ ತಟ್ಟೆಯಲ್ಲಿ ಕೊನೆಗೆ ಉಳಿದದ್ದು ಎರಡು ತುಂಡು ಬ್ರೆಡ್ಡು ಮತ್ತು ಒಂದು ಬಾಳೆಹಣ್ಣು.

"ರಾತ್ರಿ ನಮ್ಮ ಊಟವೇ ಉಂಟಲ್ಲ" ಎಂದು ಸಮಾಧಾನ ಹೇಳಿದೆ.

ರಾತ್ರಿಯ ಆ ಊಟದ ಮನೆ ಪ್ರವಾಸಿ ಬಸ್ಸುಗಳಿಗಾಗಿಯೇ ಇದ್ದ ಒಂದು ದೊಡ್ಡ ಹಜಾರ. ಒಂದು ಬಸ್ಸಿನವರು ಏಳುವುದರೊಳಗೆ ಇನ್ನೊಂದು ಬಸ್ಸಿನವರು ಕುಳಿತುಕೊಳ್ಳಬೇಕು. ಕೆಂಪು ಬಣ್ಣದ ಸಿಹಿ ಗ್ರೇವಿಯಲ್ಲಿ ಪನ್ನೀರು, ಅದೇ ಗ್ರೇವಿಯಲ್ಲಿ ಆಲೂಗಡ್ಡೆ, ಮೇಲೆ ಎಣ್ಣೆ ಕಟ್ಟಿದ ಬೇಳೆ, ಚರ್ಮದಂತೆ ಎಳೆಯುವ ತಣ್ಣನೆಯ ನಾನ್. ಎಲ್ಲವೂ ಉಗುರುಬೆಚ್ಚಗೆ. ಮಸಾಲೆಯ ಘಾಟು ಮೂಗಿಗೆ ಬಡಿದೊಡನೆಯೇ, ನಾಲ್ಕನೆಯ ತಿಂಗಳಿಗೆ ನಿಂತಿದ್ದ ವಾಕರಿಕೆ ಅವಳಿಗೆ ಮರಳಿ ಬಂತು. ಮೊಸರು ಕೇಳಿದೆವು, ಇರಲಿಲ್ಲ. ಬರಿಯ ಅನ್ನಕ್ಕೆ ಉಪ್ಪು ಹಾಕಿಕೊಂಡು ನಾಲ್ಕು ತುತ್ತು ತಿಂದು ಎದ್ದಳು. ಮರುರಾತ್ರಿಯೂ ಅದೇ ಹಜಾರ, ಅದೇ ಪನ್ನೀರು. ಆ ಎರಡು ದಿನ ಅವಳ ಬಾಯಿಗೆ ರುಚಿಯೆಂದು ಹತ್ತಿದ್ದು ಬ್ರೆಡ್ಡಿನ ಮೇಲೆ ಸವರಿದ ಉಪ್ಪಿನಕಾಯಿಯ ರಸ ಮಾತ್ರ. ನಾನು ಭರಣಿಯನ್ನು ಹೊರಗಿಟ್ಟ ಮೇಲೆ ಅಮ್ಮ ಅದರಿಂದ ಒಂದು ಸಣ್ಣ ಬಾಟಲಿ ತುಂಬಿಸಿ, ನನಗೆ ತಿಳಿಯದಂತೆ ತನ್ನ ಸೀರೆಯ ಮಡಿಕೆಯೊಳಗೆ ಇಟ್ಟು ತಂದಿದ್ದರು. ಅದನ್ನು ಹೊರತೆಗೆದಾಗ ನನ್ನ ಮುಖವನ್ನು ನೋಡಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಾನ ಉಳಿಸಿದರು.

ಎರಡನೆಯ ರಾತ್ರಿ ನಾನು ಪ್ರವಾಸದ ಮಾರ್ಗದರ್ಶಿಯನ್ನು ತಡೆದು ನಿಲ್ಲಿಸಿದೆ. ಕೈಯಲ್ಲಿ ಕರಾರುಪತ್ರ, ಸೇವಾನ್ಯೂನತೆ, ನಷ್ಟಭರ್ತಿ, ಗ್ರಾಹಕ ವೇದಿಕೆ ಎಂಬ ಪದಗಳೆಲ್ಲ ಬಾಯಿಗೆ ಬಂದವು. ಆತ ಬಡಪಾಯಿ, "ಸರ್, ಭಾರತೀಯ ಊಟವೆಂದು ಬರೆದಿದೆ, ಭಾರತೀಯ ಊಟವನ್ನೇ ಕೊಟ್ಟಿದ್ದೇವೆ" ಎಂದ. ವಾದವಾಗಿ ನೋಡಿದರೆ ಅದರಲ್ಲಿ ತಪ್ಪಿರಲಿಲ್ಲ. ಯಾವ ಊರಿನ ಭಾರತ ಎಂಬುದನ್ನು ಕರಾರು ಹೇಳಿರಲಿಲ್ಲ. ಗಂಜಿ, ತಂಬುಳಿ, ಮಜ್ಜಿಗೆಯ ಭಾರತವೂ ಒಂದುಂಟೆಂಬುದು ಆ ಹಜಾರದ ಅಡುಗೆಯವನಿಗೆ ತಿಳಿದಿರಬೇಕಾದ ಕಾರಣವೂ ಇರಲಿಲ್ಲ. ಆದರೂ ನಾನು ಬಿಡದೆ ಕಾಲು ಗಂಟೆ ವಾದಿಸಿದೆ. ಸುತ್ತಲಿನ ನಾಲ್ಕಾರು ಮಂದಿ ನನ್ನ ಪರವಾಗಿ ತಲೆಯಾಡಿಸಿದರು. ಗೆದ್ದವನಂತೆ ತಿರುಗಿ ನೋಡಿದಾಗ ಪತ್ನಿ ಕಂಬಕ್ಕೆ ಒರಗಿ ನಿಂತಿದ್ದಳು. "ನೀವು ವಾದದಲ್ಲಿ ಗೆದ್ದರೆ ನನ್ನ ಹಸಿವು ಹೋಗುವುದಿಲ್ಲ. ಆ ಕಾಲು ಗಂಟೆಯಲ್ಲಿ ಎಲ್ಲಿಯಾದರೂ ಒಂದು ಲೋಟ ಬಿಸಿ ಹಾಲು ಸಿಗುತ್ತಿತ್ತಾ ನೋಡಬಹುದಿತ್ತು" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡುವಷ್ಟು ಶಕ್ತಿ ಅವಳಲ್ಲಿರಲಿಲ್ಲ.

ಮರುದಿನ ಬ್ಯಾಂಕಾಕಿಗೆ ಬಂದೆವು. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಹೋಟೆಲಿನ ಮೆಟ್ಟಿಲು ಹತ್ತುವಾಗ ತಲೆಸುತ್ತು ಬಂದು ಕುಳಿತುಬಿಟ್ಟಳು. ಸಂಜೆ ಕೋಣೆಯಲ್ಲಿ ಅಮ್ಮನೊಡನೆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಹಿಂದಿನ ವಾರವಷ್ಟೇ ಮಗು ಮಿಸುಕಾಡುವುದು ಅವಳಿಗೆ ಮೊದಲ ಬಾರಿ ತಿಳಿಯತೊಡಗಿತ್ತು. ಆ ದಿನ ಬೆಳಗಿನಿಂದ ಏನೂ ತಿಳಿದಿರಲಿಲ್ಲ. ಐದನೆಯ ತಿಂಗಳಿನಲ್ಲಿ ಅದು ದಿನವೂ ತಿಳಿಯಲೇಬೇಕೆಂದಿಲ್ಲ ಎಂಬುದನ್ನು ವೈದ್ಯರು ಆಮೇಲೆ ಹೇಳಿದರು. ಆದರೆ ಆ ಸಂಜೆ ನಮ್ಮ ಬಳಿ ವೈದ್ಯರಿರಲಿಲ್ಲ, ಎರಡು ವರ್ಷಗಳ ಹಿಂದಿನ ನೆನಪು ಮಾತ್ರ ಇತ್ತು. ಅಮ್ಮ ಅವಳ ತಲೆ ಸವರುತ್ತ ಕುಳಿತಿದ್ದರು. ನಾನು ಕಿಟಕಿಯ ಬಳಿ ನಿಂತು, ನಮ್ಮ ಮನೆಯ ಅಡುಗೆಮನೆಯ ಮೂಲೆಯಲ್ಲಿ ಬಟ್ಟೆಯ ಚೀಲದೊಳಗೆ ಕಟ್ಟಿಟ್ಟಿದ್ದ ಎರಡು ಸೇರು ಅಕ್ಕಿಯನ್ನು ನೆನೆಯುತ್ತಿದ್ದೆ.

ಆಗ ಮಗಳು ಬಂದು ಅಂಗಿ ಹಿಡಿದೆಳೆದಳು. "ಅಪ್ಪ, ಕೆಳಗೆ ಓಣಿಯಲ್ಲಿ ಗಂಜಿ ಉಂಟು. ನಾನು ನೋಡಿದೆ."

ಸಾಮಾನು ಇಳಿಸುವ ಹೊತ್ತಿನಲ್ಲಿ ಅವಳು ಹೋಟೆಲಿನ ಎದುರು ನಿಂತು ಓಣಿಯನ್ನು ನೋಡಿದ್ದಳಂತೆ. ಒಬ್ಬ ಹೆಂಗಸು ತಳ್ಳುಗಾಡಿಯ ಮೇಲೆ ದೊಡ್ಡ ಪಾತ್ರೆಯಿಟ್ಟು ಏನನ್ನೋ ಬಟ್ಟಲಿಗೆ ಬಗ್ಗಿಸುತ್ತಿದ್ದಳು. ಅದು ಗಂಜಿಯ ಹಾಗೆಯೇ ಇತ್ತು. ನಾನು ಸ್ವಾಗತದ ಮೇಜಿನ ಹುಡುಗಿಯ ಬಳಿಗೆ ಹೋಗಿ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕೈಸನ್ನೆಯಲ್ಲಿ ವಿಷಯ ಹೇಳಿದೆ. ಅವಳು ಒಂದು ಚೀಟಿಯಲ್ಲಿ ತನ್ನ ಭಾಷೆಯಲ್ಲಿ ನಾಲ್ಕು ಸಾಲು ಬರೆದಳು: ಮೀನು, ಮಾಂಸ ಬೇಡ; ಮೀನಿನ ರಸ ಬೇಡ; ಬಿಸಿಯಾಗಿರಬೇಕು; ಈಕೆ ಬಸುರಿ. ಎರಡನೆಯ ಸಾಲನ್ನು ಮಗಳಿಗೆ ಬಾಯಿಪಾಠ ಮಾಡಿಸಿದಳು. "ಮೈ ಸೈ ನಾಮ್ ಪ್ಲಾ" ಎಂದು ಮಗಳು ಮೂರು ಸಲ ಹೇಳಿ ಕಲಿತಳು. ಬಸ್ಸಿನಲ್ಲಿ ಮಲಯಾಳ, ನೆರೆಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ದಿನಕ್ಕೆ ಹತ್ತು ಸಲ ನಾಲಗೆ ಹೊರಳಿಸುವ ನಮ್ಮ ಮಕ್ಕಳಿಗೆ ಹೊಸದೊಂದು ಮಾತನ್ನು ಹೇಳಲು ನಾಚಿಕೆಯಿಲ್ಲ. ನಾಚಿಕೆ ಇದ್ದದ್ದು ನನಗೆ.

ನಾವು ನಾಲ್ವರೂ ಓಣಿಗೆ ಹೋದೆವು. ಗಾಡಿಯ ಹೆಂಗಸಿಗೆ ಅಮ್ಮನಿಗಿಂತ ಸ್ವಲ್ಪ ಕಡಿಮೆ ಪ್ರಾಯ. ಚೀಟಿ ಓದಿ, ನನ್ನ ಪತ್ನಿಯತ್ತ ನೋಡಿ, ತನ್ನ ಹೊಟ್ಟೆಯನ್ನು ಮುಟ್ಟಿಕೊಂಡು "ಥೋಂಗ್?" ಎಂದಳು. ಥಾಯ್ ಭಾಷೆಯಲ್ಲಿ ಥೋಂಗ್ ಎಂದರೆ ಹೊಟ್ಟೆ, ಬಸುರಿಗೂ ಅದೇ ಮಾತು. ನಮ್ಮ ಬಸಿರು ಎಂಬ ಶಬ್ದಕ್ಕೂ ಮೊದಲ ಅರ್ಥ ಹೊಟ್ಟೆಯೆಂದೇ ಅಲ್ಲವೆ? ದೊಡ್ಡ ಪಾತ್ರೆಯಲ್ಲಿದ್ದುದನ್ನು ಅವಳು ಕೊಡಲಿಲ್ಲ. ಅದಕ್ಕೆ ಮಾಂಸದ ಸಾರು ಸೇರಿತ್ತೆಂದು ತೋರುತ್ತದೆ. ಬೇರೊಂದು ಸಣ್ಣ ಪಾತ್ರೆಯನ್ನು ತೊಳೆದು, ನೀರು ಕುದಿಸಿ, ಬರಿಯ ಅನ್ನವನ್ನು ಹಾಕಿ, ಅಗುಳು ಒಡೆದು ತಿಳಿ ಬೆಳ್ಳಗಾಗುವವರೆಗೆ ಬೇಯಿಸಿದಳು. ಹತ್ತು ನಿಮಿಷ ಹಿಡಿದಿರಬಹುದು. ಅಷ್ಟು ಹೊತ್ತೂ ಬೇರೆ ಗಿರಾಕಿಗಳು ಕಾದರು. ಖಾವ್ ತೊಮ್ ಎಂದು ಅದರ ಹೆಸರು. ಖಾವ್ ಎಂದರೆ ಅಕ್ಕಿ, ತೊಮ್ ಎಂದರೆ ಕುದಿಸಿದ್ದು.

ಬೆಳ್ತಿಗೆ ಅಕ್ಕಿಯ ಗಂಜಿ, ನಮ್ಮ ಕುಚ್ಚಲಕ್ಕಿಯದಲ್ಲ. ಪರಿಮಳವೂ ಬೇರೆ. ಆದರೆ ಉಪ್ಪು ಹಾಕಿ, ಅಮ್ಮನ ಬಾಟಲಿಯ ತಳದಲ್ಲಿ ಉಳಿದಿದ್ದ ಕೊನೆಯ ಮಾವಿನ ಮಿಡಿಯನ್ನು ಕಚ್ಚಿಕೊಂಡು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಅವಳು ಒಂದು ಬಟ್ಟಲು ಉಂಡಳು. ಮತ್ತೆ ಅರ್ಧ ಬಟ್ಟಲು ಹಾಕಿಸಿಕೊಂಡಳು. ಮೂರು ದಿನಗಳಲ್ಲಿ ಅವಳು ಎರಡನೆಯ ಸಲ ಕೇಳಿ ಬಡಿಸಿಕೊಂಡದ್ದು ಅದೇ ಮೊದಲು. ಅಮ್ಮ ಆ ಹೆಂಗಸಿಗೆ ಕೈಮುಗಿದರು. ಅವರೂ ಕೈಮುಗಿಯುವ ಜನವೇ, ಅವಳೂ ಮುಗಿದಳು. ಹಣ ಎಷ್ಟೆಂದು ಕೇಳಿದಾಗ ಬರಿಯ ಅನ್ನದ ಹಣವನ್ನಷ್ಟೇ ತೆಗೆದುಕೊಂಡಳು.

ಮರುದಿನ ನಸುಕಿನಲ್ಲಿ ಪತ್ನಿ ನನ್ನನ್ನು ಎಬ್ಬಿಸಿ, ಮಾತಾಡದೆ ನನ್ನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಹೊರಗಿನ ಕೈಗೆ ಆಗಿನ್ನೂ ಏನೂ ತಿಳಿಯುವಂತಿರಲಿಲ್ಲ. ಅವಳಿಗೆ ತಿಳಿದಿತ್ತು, ಅಷ್ಟು ಸಾಕಿತ್ತು.

ಉಳಿದ ದಿನಗಳನ್ನು ನಾವು ಹೇಗೆ ಕಳೆದೆವೆಂಬುದನ್ನು ಇಂಥ ಪ್ರವಾಸ ಹೊರಡುವವರಿಗಾಗಿ ಹೇಳುತ್ತೇನೆ. ಬಸ್ಸಿನವರ ಊಟದ ಹಜಾರಕ್ಕೆ ಮತ್ತೆ ಹೋಗಲಿಲ್ಲ. ಕಟ್ಟಿದ ಹಣ ಹೋಯಿತೆಂದು ಸುಮ್ಮನಾದೆವು. ಬೆಳಗ್ಗೆ ರಸ್ತೆಬದಿಯಲ್ಲಿ ಕುದಿಯುತ್ತಿರುವ ಸೋಯಾ ಹಾಲು ಸಿಗುತ್ತದೆ, ಅದು ಅಲ್ಲಿಯ ಜನರಿಗೆ ಬೆಳಗಿನ ತಿಂಡಿಯೇ. ಓಣಿ ಓಣಿಯಲ್ಲಿರುವ ಸೆವೆನ್ ಇಲೆವೆನ್ ಅಂಗಡಿಗಳಲ್ಲಿ ಮೊಹರು ಮಾಡಿದ ಹಾಲು, ಮೊಸರು ದೊರೆಯುತ್ತವೆ. ಹಣ್ಣನ್ನು ಹೆಚ್ಚಿಸದೆ ಇಡಿಯಾಗಿ ಕೊಂಡು, ಕೈತೊಳೆದು ನಾವೇ ಸುಲಿದೆವು: ಬಾಳೆಹಣ್ಣು, ಕಿತ್ತಳೆ. ಬೇಯಿಸಿದ ಜೋಳದ ತೆನೆ, ಗೆಣಸು ಕಂಡಲ್ಲೆಲ್ಲ ಕೊಂಡೆವು. ಅಲ್ಲಿ ಕೆಲವು ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ನಮ್ಮ ಕಣ್ಣಿಗೆ ಇಂಗ್ಲಿಷಿನ 17ರಂತೆ ಕಾಣುವ ಅಕ್ಷರಗಳಿರುತ್ತವೆ. ಅದು ಜೇ ಎಂಬ ಮಾತು. ಮೀನು, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ, ಬೆಳ್ಳುಳ್ಳಿಯನ್ನೂ ಬಿಟ್ಟ ವ್ರತದ ಅಡುಗೆ. ಆ ಗುರುತು ತಿಳಿದ ಮೇಲೆ ಮಗಳು ರಸ್ತೆಯುದ್ದಕ್ಕೂ ಹದಿನೇಳನ್ನು ಹುಡುಕುವುದನ್ನೇ ಆಟ ಮಾಡಿಕೊಂಡಳು. ಒಂದು ಬೆಳಗ್ಗೆ ಪಹುರತ್ ಎಂಬ ಭಾರತೀಯರ ಪೇಟೆಯ ಗುರುದ್ವಾರಕ್ಕೆ ಹೋದೆವು. ಪಂಕ್ತಿಯಲ್ಲಿ ಕುಳ್ಳಿರಿಸಿ ಬಿಸಿ ರೊಟ್ಟಿ, ಬೇಳೆ ಬಡಿಸಿದರು. ಯಾವ ಊರು, ಯಾವ ಭಾಷೆಯೆಂದು ಯಾರೂ ಕೇಳಲಿಲ್ಲ. ಮೂರು ರಾತ್ರಿಯೂ ಓಣಿಯ ಗಂಜಿ ತಪ್ಪಲಿಲ್ಲ. ದೂರದಿಂದ ನಮ್ಮನ್ನು ಕಂಡೊಡನೆ ಆ ಹೆಂಗಸು ಸಣ್ಣ ಪಾತ್ರೆಯನ್ನು ಒಲೆಗೇರಿಸುತ್ತಿದ್ದಳು. "ಕಿನ್ ಖಾವ್ ರೂ ಯಾಂಗ್?" ಎಂದು ಮಗಳನ್ನು ಕೇಳುತ್ತಿದ್ದಳು. ಅನ್ನ ಉಂಡೆಯಾ ಎಂದು ಅದರರ್ಥ. ನಮ್ಮಲ್ಲಿ ಎದುರು ಸಿಕ್ಕವರನ್ನು ಊಟ ಆಯಿತಾ ಎಂದು ಕೇಳುವಂತೆಯೇ ಅವರಲ್ಲೂ ಕುಶಲಪ್ರಶ್ನೆ.

ಊರಿಗೆ ಮರಳಿದ ಮೇಲೆ ವೈದ್ಯರು ಪರೀಕ್ಷಿಸಿ, ಮಗುವಿಗೆ ಏನೂ ತೊಂದರೆಯಿಲ್ಲವೆಂದರು. ತಾಯಿಯ ತೂಕ ಮಾತ್ರ ಒಂದೂವರೆ ಕಿಲೋ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಡನೆ ನುಂಗುತ್ತಿದ್ದುದನ್ನು ಕೇಳಿ, ಚಹಾ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲವೆಂದು ಗದರಿದರು.

ನಾನು ಕಚೇರಿಗೆ ಹೋದ ಮೊದಲ ದಿನವೇ ಪ್ರವಾಸದ ಕಂಪೆನಿಗೆ ನೋಟೀಸಿನ ಕರಡು ಬರೆದೆ. ಆಗ 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಾರಿಯಲ್ಲಿತ್ತು. ದೂರು ಕೊಡಲು ಎರಡು ವರ್ಷಗಳ ಅವಧಿ. ಎರಡು ಪುಟಗಳ ಕರಡನ್ನು ಮನೆಗೆ ತಂದು ಪತ್ನಿಗೆ ಓದಿ ಹೇಳಿದೆ. ಗರ್ಭಿಣಿಯಾದ ನನ್ನ ಪತ್ನಿಗೆ ಯೋಗ್ಯ ಆಹಾರ ದೊರೆಯದಂತೆ ಮಾಡಿ ಎಂಬ ವಾಕ್ಯ ಬಂದಾಗ ಅವಳು ತಡೆದು, "ಪೆಟ್ಟಿಗೆಯಿಂದ ಅಕ್ಕಿ ತೆಗೆದಿಟ್ಟದ್ದು ಯಾರೆಂದು ಎಷ್ಟನೆಯ ಪ್ಯಾರಾದಲ್ಲಿ ಬರುತ್ತದೆ?" ಎಂದು ಕೇಳಿದಳು. ಒಳಗಿನಿಂದ ಅಮ್ಮ ನಕ್ಕದ್ದು ಕೇಳಿಸಿತು. ಆ ಕರಡು ಈಗಲೂ ಕಡತದಲ್ಲಿದೆ. ಅಂಚೆಗೆ ಹೋಗಲಿಲ್ಲ.

ಹಾಗೆಂದು ಅನ್ಯಾಯವಾದರೆ ಸುಮ್ಮನಿರಿ ಎಂದು ನಾನು ಯಾರಿಗೂ ಸಲಹೆ ಕೊಡುವವನಲ್ಲ. ಅದು ನನ್ನ ವೃತ್ತಿಧರ್ಮವೂ ಅಲ್ಲ. ಈಗಿನ 2019ರ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಕಂಪೆನಿಯ ಊರಿಗೆ ಅಲೆಯಬೇಕಾಗಿಲ್ಲ. ಆದರೆ ಕೇಳಬೇಕಾದುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು: ಭಾರತೀಯ ಊಟವೆಂದರೆ ಏನೇನು? ಮೊಸರು, ಬರಿಯ ಅನ್ನ ಇದೆಯೆ? ಊಟದ ಬದಲು ಹಣ ಕೊಡುವಿರಾ? ಮನೆಯಲ್ಲಿ ಬಸುರಿಯಾದರೆ ದಿನ ಮುಂದೂಡಬಹುದೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ವಿದೇಶಕ್ಕೆ ಯಾವ ಆಹಾರ ಪದಾರ್ಥ ಒಯ್ಯಬಹುದು, ಯಾವುದು ಕೂಡದು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅದನ್ನೂ ಮೊದಲೇ ವಿಚಾರಿಸಬೇಕು. ಇವೆಲ್ಲವನ್ನೂ ನಾನು ಆ ತರುಣ ರಕ್ಷಕರಿಗೆ ಹೇಳಿದೆ. ಜತೆಗೆ, ಹೋಗುವ ನಾಡಿನ ಭಾಷೆಯಲ್ಲಿ ನಾಲ್ಕು ಸಾಲಿನ ಚೀಟಿಯೊಂದನ್ನು ಮೊದಲ ದಿನವೇ ಬರೆಯಿಸಿಕೊಳ್ಳಿ, ಮೂರನೆಯ ದಿನದವರೆಗೆ ಕಾಯಬೇಡಿ ಎಂದೂ ಹೇಳಿದೆ. ನಮ್ಮ ಊರಿನ ಕಚೇರಿಗಳಲ್ಲಿ ಕನ್ನಡದ ಅರ್ಜಿಗಾಗಿ ಪಟ್ಟು ಹಿಡಿಯುವ ನಾನು, ಹಸಿದ ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು, ಪರದೇಶದ ಜನರ ಮುಂದೆ ಅವರ ಭಾಷೆಯ ಒಂದು ಮಾತನ್ನೂ ಕಲಿಯದೆ ಎರಡು ದಿನ ಇಂಗ್ಲಿಷಿನ ಕರಾರುಪತ್ರವನ್ನು ಬೀಸುತ್ತಿದ್ದೆನೆಂಬುದು ಈಗ ನೆನೆದರೆ ಮುಜುಗರವಾಗುತ್ತದೆ.

2019ರ ಮೇ ತಿಂಗಳಿನಲ್ಲಿ ಮಗ ಹುಟ್ಟಿದ. ಈಗ ಅಕ್ಕ ಕಲಿತ ಕನ್ನಡ ಶಾಲೆಯಲ್ಲಿಯೇ ಕಲಿಯುತ್ತಿದ್ದಾನೆ. ಅವನಿಗೆ ಗಂಜಿಯೆಂದರೆ ಅಷ್ಟಕ್ಕಷ್ಟೆ; ದೋಸೆಯಿದ್ದರೆ ತಟ್ಟೆಯ ಮುಂದೆ ಕುಳಿತಾನು. ಅಕ್ಕ ಅವನನ್ನು ಊಟಕ್ಕೆ ಕರೆಯುವಾಗ ಒಮ್ಮೊಮ್ಮೆ "ಕಿನ್ ಖಾವ್ ರೂ ಯಾಂಗ್" ಎಂದು ಕೂಗುತ್ತಾಳೆ, ಅವನು "ಇಲ್ಲ" ಎಂದು ಕನ್ನಡದಲ್ಲಿ ಉತ್ತರಿಸುತ್ತಾನೆ.

ಈ ಬೇಸಗೆಯ ರಜೆಯಲ್ಲಿ ನಾವೆಲ್ಲ ಕಾಶಿಗೆ ಹೊರಟಿದ್ದೆವು. ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಎತ್ತಿ ನೋಡಿದೆ. ಬಟ್ಟೆಗೆ ಇರಬೇಕಾದುದಕ್ಕಿಂತ ಹೆಚ್ಚು ಭಾರವಿತ್ತು. ತೆರೆಯದೆ ಹಾಗೆಯೇ ಬಾಗಿಲ ಬಳಿಗೆ ಒಯ್ದಿಟ್ಟೆ.